ನಾಳಕ್ಕಿಳಿದ ಎಳನೀರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಹೆಚ್ಚಾಗಿ ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿಯಾಗುವಂಥದು. ಆದರೂ ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಹತ್ತಿದರೆ ಗೊನೆಯಿಂದ ಎಳನೀರು ಇಳಿಯುತ್ತದೆ.

ಈ ಮನೆಮದ್ದು ವೈದ್ಯಕೀಯ ಪತ್ರಿಕೆಯನ್ನೂ ಏರಿದ್ದುಂಟು. ಸಾಲೊಮನ್ ದ್ವೀಪಗಳಲ್ಲಿ ರೋಗಿಯೊಬ್ಬರ ರಕ್ತನಾಳಕ್ಕೆ ಸಲೈನ್ ಬದಲು ಎಳನೀರನ್ನೇ ಹನಿಸಿದ ಪ್ರಕರಣ 2000ದಲ್ಲಿ ಅಮೆರಿಕದ ತುರ್ತು ಚಿಕಿತ್ಸಾ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕೆಡದ ಕಾಯಿಯೊಳಗಿನ ನೀರಿಗೆ ಸಾಮಾನ್ಯವಾಗಿ ಕ್ರಿಮಿ ಸೋಕಿರುವುದಿಲ್ಲ ಎಂಬುದೇ ವೈದ್ಯರ ಧೈರ್ಯ. ಗತಿಯಿಲ್ಲದಾಗಿನ ಉಪಾಯ ಅದು, ಅನುಕರಿಸುವಂಥದಲ್ಲ.

ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ತೀರ ಕಡಿಮೆ. ರಕ್ತದಲ್ಲಿ ಇದು ತಿರುಗುಮುರುಗು. ಭೇದಿಯಲ್ಲಿ ನೀರಿನೊಂದಿಗೆ ಸೋಡಿಯಂ, ಅಂದರೆ ಉಪ್ಪಿನಂಶವೂ ಹೋಗುತ್ತದೆ. ಕರುಳು ಉಪ್ಪನ್ನು ಸಕ್ಕರೆಯೊಡನೆ ಹೀರಿಕೊಳ್ಳುತ್ತದೆ. ನೀರು ಅದರ ಬೆನ್ನಿಗೇ ಒಳಸೇರುತ್ತದೆ. ಓಆರ್‌ಎಸ್‌ನ ಗುಟ್ಟು ಇಷ್ಟೇ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನೋಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕದಡಿಟ್ಟು ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಹಾಗಾದರೆ ಎಳನೀರು ಬೇಡವೇ? ಭೇದಿಯ ಆರಂಭದಲ್ಲಿ ಧಾರಾಳವಾಗಿ ಕೊಡಬಹುದು. ಮೂತ್ರಪಿಂಡದ ಕಾಯಿಲೆಯವರಿಗೆ ಮಾತ್ರ ಅದರ ಪೊಟ್ಯಾಸಿಯಂ ಅಪಾಯ. ಆದರೆ ಕಣ್ಣು ಗುಳಿಬಿದ್ದು ಸೊರಗಿದ ಮಗುವಿಗೆ ಎಳನೀರೊಂದೇ ಸಾಲದು. ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಯ ದಾರಿ ಹಿಡಿಯಬೇಕು.