ಕೋಟಿ ಡಿಗ್ರಿಯನ್ನು ಅಳೆದ ಕೆಂಬೆಳಕು

ಕಮ್ಮಾರನು ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ಮುಟ್ಟಿ ನೋಡುವುದಿಲ್ಲ. ಬಣ್ಣವನ್ನು ನೋಡಿಯೇ ಹದವನ್ನು ತಿಳಿಯುತ್ತಾನೆ. ಪರಮಾಣು ಬೀಜಗಳನ್ನು ಬೆಸೆದು ಶಕ್ತಿಯನ್ನು ಪಡೆಯಲೆಳಸುವ ವಿಜ್ಞಾನಿಗಳಿಗೂ ಬೆಳಕೇ ಗತಿ. ಅವರ ಕುಲುಮೆಯಲ್ಲಿರುವುದು ಪ್ಲಾಸ್ಮಾ. ಎಂದರೆ, ಎಲೆಕ್ಟ್ರಾನುಗಳೂ ಅವನ್ನು ಕಳೆದುಕೊಂಡ ಪರಮಾಣುಗಳೂ ಬಿಡಿಬಿಡಿಯಾಗಿ ಧಾವಿಸುತ್ತಿರುವ ಅನಿಲ. ಯಾವ ಉಷ್ಣಮಾಪಕವನ್ನು ಅದರ ನಡುವೆ ಇಟ್ಟರೂ ಮಾಪಕವೂ ಉಳಿಯದು, ಪ್ಲಾಸ್ಮಾವೂ ಕೆಡುತ್ತದೆ.

1968ರ ಆಗಸ್ಟಿನಲ್ಲಿ ನೊವೊಸಿಬಿರ್ಸ್ಕ್ ನಗರದ ಸಮ್ಮೇಳನವೊಂದರಲ್ಲಿ ಸೋವಿಯತ್ ವಿಜ್ಞಾನಿ ಆರ್ತ್ಸಿಮೊವಿಚ್ ಅವರು, ಮಾಸ್ಕೋದ ಕುರ್ಚತೋವ್ ಸಂಸ್ಥೆಯ ‘ಟಿ-3’ ಟೋಕಮಾಕ್ ಯಂತ್ರದಲ್ಲಿ ಎಲೆಕ್ಟ್ರಾನುಗಳ ತಾಪ ಒಂದು ಕೋಟಿ ಡಿಗ್ರಿಯನ್ನು ಸಮೀಪಿಸಿದೆಯೆಂದು ಸಾರಿದರು. ಹಲವರು ನಂಬಲಿಲ್ಲ. ಅದು ಬರಿಯ ಮತ್ಸರವಲ್ಲ. ಆ ಅಂಕಿಯನ್ನು ಕಾಂತೀಯ ಅಳತೆಗಳಿಂದ ಅನುಮಾನಿಸಲಾಗಿತ್ತು. ಅವು ಪ್ಲಾಸ್ಮಾದ ಒಟ್ಟು ಶಕ್ತಿಯನ್ನು ಮಾತ್ರ ಹೇಳಬಲ್ಲವು. ಇಬ್ಬರು ಕೋಟ್ಯಧೀಶರಿದ್ದರೆ ಬಡವರ ಊರೂ ಸರಾಸರಿಯ ಲೆಕ್ಕದಲ್ಲಿ ಸಿರಿವಂತವಾಗಿ ಕಾಣುವುದಷ್ಟೆ! ಹಾಗೆಯೇ ಅತಿವೇಗದ ಕೆಲವೇ ಎಲೆಕ್ಟ್ರಾನುಗಳು ಈ ಭ್ರಮೆಯನ್ನು ಹುಟ್ಟಿಸಿರಬಾರದೇಕೆ? ಬ್ರಿಟಿಷರಂತೂ ತಮ್ಮ ‘ಜೀಟಾ’ ಯಂತ್ರದ ಯಶಸ್ಸನ್ನು 1958ರ ಜನವರಿಯಲ್ಲಿ ಘೋಷಿಸಿ, ಮೇ ತಿಂಗಳಲ್ಲಿ ಮಾತನ್ನು ಹಿಂದೆಗೆದುಕೊಂಡು ಕೈ ಸುಟ್ಟುಕೊಂಡವರು.

ಆರ್ತ್ಸಿಮೊವಿಚ್ ಆ ಬ್ರಿಟಿಷರನ್ನೇ ಅಳೆಯಲು ಕರೆದರು. ಶೀತಲ ಸಮರದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಕಲ್ಹಮ್ ಪ್ರಯೋಗಾಲಯದ ಪೀಕಾಕ್, ರಾಬಿನ್ಸನ್, ಫಾರೆಸ್ಟ್, ವಿಲ್‌ಕಾಕ್ ಇವರು ಸುಮಾರು 5 ಟನ್ ಉಪಕರಣಗಳೊಡನೆ ಮಾಸ್ಕೋದಲ್ಲಿ ನೆಲೆಸಿದರು.

ಅವರ ಸಾಧನ ಮಾಣಿಕ್ಯದ ಲೇಸರ್. ಅದರ ಬೆಳಕು ಒಂದೇ ಬಣ್ಣದ್ದು, ಅಚ್ಚಗೆಂಪು. ಪ್ಲಾಸ್ಮಾದೊಳಗೆ ಹಾಯ್ದಾಗ ಎಲೆಕ್ಟ್ರಾನುಗಳು ಅದರಲ್ಲೊಂದು ಅತ್ಯಲ್ಪಾಂಶವನ್ನು ಚದರಿಸುತ್ತವೆ. ಹತ್ತಿರ ಬರುವ ರೈಲಿನ ಕೂಗು ಏರಿ, ದೂರ ಸರಿಯುವಾಗ ಇಳಿಯುವುದನ್ನು ಕೇಳುಗರು ಬಲ್ಲರು. ಬೆಳಕಿಗೂ ಅದೇ ನಿಯಮ: ನಮ್ಮತ್ತ ಓಡಿಬರುವ ಎಲೆಕ್ಟ್ರಾನು ಕೆಂಪನ್ನು ನೀಲಿಯ ಕಡೆಗೂ, ದೂರ ಓಡುವುದು ಅದನ್ನು ಇನ್ನಷ್ಟು ಕೆಂಪಿನ ಕಡೆಗೂ ತಳ್ಳುತ್ತದೆ. ಕೋಟಿ ಡಿಗ್ರಿಯಲ್ಲಿ ಎಲೆಕ್ಟ್ರಾನುಗಳ ವೇಗ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್. ಆದ್ದರಿಂದ ಒಂದು ಕಿರುಗೆರೆಯಾಗಿ ಒಳಹೊಕ್ಕ ಬಣ್ಣ ರೋಹಿತದಲ್ಲಿ ಅಗಲವಾದ ಪಟ್ಟಿಯಾಗಿ ಹೊರಬರುತ್ತದೆ. ಅಗಲ ಹೆಚ್ಚಿದಷ್ಟೂ ತಾಪ ಹೆಚ್ಚು. ಅದಕ್ಕಿಂತ ಮುಖ್ಯವಾದುದು ಪಟ್ಟಿಯ ಆಕಾರ. ಯಾವ ವೇಗದವು ಎಷ್ಟಿವೆಯೆಂಬುದನ್ನು ಅದು ಬಿಡಿಸಿ ಹೇಳುವುದರಿಂದ, ಇಬ್ಬರು ಸಿರಿವಂತರ ಮೋಸ ಇಲ್ಲಿ ನಡೆಯದು.

ತೊಡಕೊಂದಿತ್ತು. ಪ್ಲಾಸ್ಮಾ ತಾನೇ ಬೆಳಗುತ್ತಿರುತ್ತದೆ. ಚದರಿದ ಕ್ಷೀಣಪ್ರಭೆ ಅದರಲ್ಲಿ ಮುಳುಗಿಹೋಗುತ್ತದೆ. ಉಪಾಯವೆಂದರೆ, ಲೇಸರಿನ ಶಕ್ತಿಯನ್ನೆಲ್ಲ ಸೆಕೆಂಡಿನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಿರಿದಾದ ಒಂದೇ ಮಿಂಚಿಗೆ ಒತ್ತಿ, ಅಷ್ಟು ಹೊತ್ತು ಮಾತ್ರ ಉಪಕರಣದ ಕಣ್ಣು ತೆರೆಯುವುದು. ಅಷ್ಟರಲ್ಲಿ ಪ್ಲಾಸ್ಮಾದ ಸ್ವಂತ ಬೆಳಕು ಒಳನುಗ್ಗುವುದು ತೀರ ಕಡಮೆ.

ಫಲಿತಾಂಶ 1969ರ ನವೆಂಬರ್ 1ರ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ಲೇಖಕರಲ್ಲಿ ಸೋವಿಯತ್ ವಿಜ್ಞಾನಿ ಸಾನ್ನಿಕೋವ್ ಅವರ ಹೆಸರೂ ಇತ್ತು. ರಷ್ಯನ್ನರ ಮಾತು ನಿಜವಾಗಿತ್ತು. ಅಮೆರಿಕದ ಪ್ರಿನ್ಸ್‌ಟನ್ನಿನವರು 1970ರಲ್ಲಿ ತಮ್ಮ ‘ಮಾಡೆಲ್ ಸಿ’ ಯಂತ್ರವನ್ನೇ ಟೋಕಮಾಕ್ ಆಗಿ ಮಾರ್ಪಡಿಸಿದರು. ಅಂದು ಒಂದು ಪ್ರಯೋಗಕ್ಕೆ ಒಂದೇ ಮಿಂಚು, ಒಂದೇ ಕ್ಷಣದ ಚಿತ್ರ. ಈಗಿನ ಲೇಸರುಗಳು ಒಂದೇ ಪ್ರಯೋಗದಲ್ಲಿ ಮತ್ತೆ ಮತ್ತೆ ಮಿಂಚಿ, ತಾಪ ಏರುವುದನ್ನೂ ಕುಸಿಯುವುದನ್ನೂ ಹೆಜ್ಜೆಹೆಜ್ಜೆಯಾಗಿ ತೋರಿಸುತ್ತವೆ.