ಗೋಡೆಯಿಂದ ಕೈಗಿಳಿದ ಅಕ್ಷರ

ಡಿ.ಇಡಿ ಓದುವಾಗ ಕಲಿಕೋಪಕರಣ ತಯಾರಿಸಿದ್ದಕ್ಕೆ ಅಂಕ ಕೊಡುತ್ತಿದ್ದರು. ನಾನು ಪರೀಕ್ಷೆಗೆ ಎರಡು ದಿನ ಇರುವಾಗ ಕಲಬುರಗಿಗೆ ಹೋಗಿ, ಅಂಗಡಿಯಲ್ಲಿ ಸಿದ್ಧವಾಗಿದ್ದ ಥರ್ಮಾಕೋಲ್ ಮನೆ, ಮಿಂಚಿನ ಹಾಳೆ ಅಂಟಿಸಿದ ಗಡಿಯಾರ ಮತ್ತು ಬಣ್ಣದ ವರ್ಣಮಾಲೆ ಚಾರ್ಟು ಕೊಂಡು ತಂದೆ. ಕೆಳಗೆ ನನ್ನ ಹೆಸರು ಬರೆದು ಮೇಜಿನ ಮೇಲಿಟ್ಟೆ. ಪೂರ್ತಿ ಅಂಕ ಬಂತು. ಅದನ್ನು ಮಕ್ಕಳ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಆ ಪ್ರಶ್ನೆ ಎದುರಾದದ್ದು ಕಳೆದ ವರ್ಷ ಜೂನ್‌ನಲ್ಲಿ. ಟಿಇಟಿ ಪಾಸಾಗಿ ನೇಮಕಾತಿಗೆ ಕಾಯುತ್ತಿದ್ದ ನನಗೆ ಜೇವರ್ಗಿ ತಾಲ್ಲೂಕಿನ ಕೊಳಕೂರದಲ್ಲಿ ನಲಿ-ಕಲಿ ತರಗತಿಯ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ಮೊದಲ ದಿನ ಉತ್ಸಾಹದಿಂದ ನನ್ನ ‘ಪೂರ್ತಿ ಅಂಕ’ದ ಸಾಮಾನುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಸ್ ಹತ್ತಿದೆ. ನೂಕುನುಗ್ಗಲಿನಲ್ಲಿ ಥರ್ಮಾಕೋಲ್ ಮನೆಯ ಚಾವಣಿ ಮುರಿಯಿತು. ಉಳಿದದ್ದನ್ನು ಸ್ಟೂಲ್ ಹತ್ತಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ತೂಗುಹಾಕಿದೆ. ಕೋಣೆ ನೋಡಲು ಚೆಂದವಾಯಿತು.

“ಟೀಚರ್, ಇದು ಮುಟ್ಲೇನ್ರಿ?” ಎಂದು ಒಬ್ಬ ಹುಡುಗ ಗಡಿಯಾರ ತೋರಿಸಿ ಕೇಳಿದ. “ಬ್ಯಾಡಪ್ಪ, ಹರೀತದ” ಎಂದೆ. ಆ ವಾರ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಅದೇ ಇರಬೇಕು. ಶನಿವಾರ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಸುತ್ತ ನೋಡಿ, “ಚಂದ ಅದ ನೋಡವ್ವಾ. ಆದ್ರ ಇದು ಹುಡುಗ್ರಿಗೋ, ಬಂದು ನೋಡೋರಿಗೋ?” ಎಂದರು. ಬೈದದ್ದಲ್ಲ. ಆದರೂ ರಾತ್ರಿ ನಿದ್ದೆ ಬರಲಿಲ್ಲ.

ನಲಿ-ಕಲಿಯ ಬಗ್ಗೆ ನಾನು ಪರೀಕ್ಷೆಗಾಗಿ ಓದಿದ್ದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ತಾವೇ ಕಾರ್ಡುಗಳನ್ನು ತಯಾರಿಸಿದ್ದು. 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದದ್ದು. ಇಷ್ಟನ್ನೂ ಬಾಯಿಪಾಠ ಹೇಳಬಲ್ಲವಳಾಗಿದ್ದೆ. ಆದರೆ ಆ ತರಗತಿಯ ಗೋಡೆ ಹಲಗೆ ಯಾಕೆ ಅಷ್ಟು ಕೆಳಗಿರುತ್ತದೆ, ತಲೆಯ ಮೇಲೆ ದಾರ ಕಟ್ಟಿದ ‘ಕಲಿಕಾ ಚಪ್ಪರ’ದಲ್ಲಿ ಯಾಕೆ ಮಕ್ಕಳು ಮಾಡಿದ ಚಿತ್ರಗಳನ್ನೇ ತೂಗುಬಿಡುತ್ತಾರೆ ಎಂದು ಯೋಚಿಸಿರಲಿಲ್ಲ. ಹಲಗೆ ಮಗುವಿನ ಕೈಗೆ ಎಟುಕಬೇಕು, ಚಪ್ಪರದಲ್ಲಿ ಮಗುವಿನ ಕೆಲಸ ಕಾಣಬೇಕು. ನಾನು ಎರಡನ್ನೂ ಮುಚ್ಚಿ ನನ್ನ ಚಾರ್ಟು ಹಾಕಿದ್ದೆ.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ವಯಸ್ಸಿಗೆ ಎರಡನೇ ತರಗತಿ, ಅಕ್ಷರ ಒಂದೂ ಬರುತ್ತಿರಲಿಲ್ಲ. ಅಪ್ಪ ಅವ್ವ ವರ್ಷದ ಅರ್ಧ ಭಾಗ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವವರು. ಇವಳೂ ಜೊತೆಗೆ. ಕರೆದರೆ ತಲೆ ಎತ್ತುತ್ತಿರಲಿಲ್ಲ. ಚಾರ್ಟಿನ ಮುಂದೆ ನಿಲ್ಲಿಸಿ ಕೋಲಿನಿಂದ ತೋರಿಸಿದರೆ ಕೋಲನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಮಣ್ಣೆತ್ತು ಮಾಡದ ಮನೆ ಕಡಿಮೆ. ಹಿಂದಿನ ದಿನ ಮಕ್ಕಳಿಗೆ ಹೊಲದ ಎರಿಮಣ್ಣು ತರಲು ಹೇಳಿದೆ. ಆ ಹುಡುಗಿ ಮಣ್ಣನ್ನು ನೀರು ಚಿಮುಕಿಸಿ ಹದ ಮಾಡಿದ್ದು ನೋಡಿಯೇ ಅವಳಿಗೆ ಗೊತ್ತಿರುವ ಕೆಲಸ ಎಂದು ತಿಳಿಯಿತು. ಹಿಣಿಲು, ಕೊಂಬು, ಗಂಗೆದೊಗಲು ಎಲ್ಲ ಮಾಡಿ, ಕೊರಳಿನ ಗೆಜ್ಜೆಸರಕ್ಕೆ ಉಗುರಿನಿಂದ ಗುರುತು ಹಾಕಿದಳು. ಮಕ್ಕಳೆಲ್ಲ ಅವಳ ಸುತ್ತ ಕೂತರು. ನಾನು ಇನ್ನೊಂದು ಉಂಡೆ ಅವಳ ಮುಂದಿಟ್ಟು, ಹಲಗೆಯ ಮೇಲೆ ‘ಗ’ ಬರೆದು, “ಇದನ್ನ ಮಾಡ್ತಿಯೇನವ್ವಾ?” ಎಂದೆ. ಮಣ್ಣನ್ನು ಹಾವಿನಂತೆ ಹೊಸೆದು ಬಗ್ಗಿಸಿ, ಮೇಲೆ ತಲೆಕಟ್ಟು ಇಟ್ಟಳು. ಆಮೇಲೆ ಕೇಳದೆಯೇ ‘ರ’ ಮಾಡಿದಳು. ನಲಿ-ಕಲಿಯಲ್ಲಿ ಅಕ್ಷರಗಳು ಅ, ಆ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಬರುತ್ತವೆ. ಐದೇ ಅಕ್ಷರದಲ್ಲಿ ಅರಸ, ಅಗಸ, ಗರಗಸ ಓದಬಹುದು ಎಂಬುದು ಅದರ ಲೆಕ್ಕ. ಅವಳು ಆ ವಾರ ಐದನ್ನೂ ಮಣ್ಣಿನಲ್ಲಿ ಮಾಡಿ ಬಿಸಿಲಿಗೆ ಒಣಗಿಸಿದಳು, ಬೆರಳಾಡಿಸಿ ಓದಿದಳು.

ಅಂದು ಸಂಜೆ ಚಾರ್ಟುಗಳನ್ನು ಕೆಳಗಿಳಿಸಿದೆ. ಮುಂದೆ ತರಗತಿಗೆ ಬೇಕಾದದ್ದನ್ನು ಊರಲ್ಲಿ ಸಿಗುವುದರಿಂದಲೇ ಮಕ್ಕಳೊಂದಿಗೆ ಕೂತು ಮಾಡುವುದು ಎಂದು ನಿಶ್ಚಯಿಸಿದೆ. ಮೊದಲು ಬಂದದ್ದು ಹಳೆಯ ಲಗ್ನ ಪತ್ರಿಕೆಗಳು. ಅವು ದಪ್ಪ ಕಾಗದ, ಹಿಂಬದಿ ಖಾಲಿ. ಒಂದನ್ನು ಕತ್ತರಿಸಿದರೆ ನಾಲ್ಕು ಅಕ್ಷರ ಕಾರ್ಡು. ಕೆಲವಕ್ಕೆ ಮೈದಾ ಅಂಟು ಹಚ್ಚಿ ಎರಡು ಪದರ ಮಾಡಿದೆವು. ವಾರದಲ್ಲಿ ಇಲಿ ತಿಂದು ಮುಗಿಸಿದವು. ಮತ್ತೆ ಮಾಡುವಾಗ ಅಂಟು ಬಿಟ್ಟು ಸೂಜಿ ದಾರದಿಂದ ಅಂಚು ಹೊಲಿದೆವು.

ಎಣಿಕೆಗೆ ತೊಗರಿ ಕಾಳು ತಂದದ್ದು ನನ್ನ ಇನ್ನೊಂದು ತಪ್ಪು. ತೊಗರಿಯ ನಾಡಲ್ಲವೇ ಎಂದು ಹೆಮ್ಮೆಯಿಂದ ತಂದೆ, ಒಬ್ಬ ಮೂಗಿನಲ್ಲಿ ಹಾಕಿಕೊಂಡ. ಸೀನಿದಾಗ ಹೊರಬಂತು, ನನ್ನ ಜೀವವೂ ಬಂತು. ಸಣ್ಣ ಮಕ್ಕಳ ಕೈಗೆ ಮೂಗು, ಕಿವಿಯಲ್ಲಿ ಹೋಗುವಂಥದ್ದು ಕೊಡಬಾರದು ಎಂದು ಅಂದು ಕಲಿತೆ. ಆಮೇಲೆ ದೊಡ್ಡ ಹುಣಸೆ ಬೀಜ ಆರಿಸಿ, ಚೌಕಾಬಾರಕ್ಕೆ ಮಾಡುವಂತೆ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದೆವು. ಐದು ಬೀಜ ಚೆಲ್ಲಿದರೆ ಎರಡು ಬಿಳಿ, ಮೂರು ಕಪ್ಪು. ಮತ್ತೆ ಚೆಲ್ಲಿದರೆ ಒಂದು ಬಿಳಿ, ನಾಲ್ಕು ಕಪ್ಪು. ಹೇಗೆ ಬಿದ್ದರೂ ಐದು. ಕೂಡುವುದು, ಕಳೆಯುವುದು ಎರಡೂ ಆಟದಲ್ಲೇ ಬಂದವು. ಕಸಬರಿಗೆ ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಹತ್ತಕ್ಕೊಂದು ಕಟ್ಟು ಕಟ್ಟಿದೆವು. ‘ಹದಿಮೂರು’ ಎಂದರೆ ಒಂದು ಕಟ್ಟು, ಮೂರು ಬಿಡಿ ಕಡ್ಡಿ. ಕಟ್ಟು ಬಿಚ್ಚಿದವರಿಗೆ ‘ದಶಕ ತರುವುದು’ ಎಂದರೇನೆಂದು ಬೇರೆ ಹೇಳಬೇಕಾಗಲಿಲ್ಲ.

ಇದೆಲ್ಲ ಹಣವಿಲ್ಲದವರ ಉಪಾಯ ಎಂದು ನನಗೂ ಮೊದಲು ಸಂಕೋಚವಿತ್ತು. ಆಗ ಅರವಿಂದ ಗುಪ್ತಾ ಅವರ ಬಗ್ಗೆ ಓದಿದೆ. ಕಾನ್ಪುರ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಪುಣೆಯ ಟೆಲ್ಕೊದಲ್ಲಿ ಕೆಲಸಕ್ಕಿದ್ದವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್‌ನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮ ಸೇರಿದರು. ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಚುಚ್ಚಿ ತ್ರಿಕೋನ, ಚೌಕ ಮಾಡಿ ತೋರಿಸಿದರು. ತ್ರಿಕೋನ ಒತ್ತಿದರೂ ಬಾಗುವುದಿಲ್ಲ, ಚೌಕ ವಾಲುತ್ತದೆ. ಸೇತುವೆಯಲ್ಲಿ ತ್ರಿಕೋನ ಯಾಕಿರುತ್ತದೆ ಎಂಬುದಕ್ಕೆ ಅದೇ ಪಾಠ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೈಯಲ್ಲಿ ಮಾಡಿದ್ದು ಅಗ್ಗದ್ದು ಎಂಬ ನನ್ನ ಸಂಕೋಚ ಅಲ್ಲಿಗೆ ಹೋಯಿತು.

ಸಂಕ್ರಮಣ ಮುಗಿದ ಮೇಲೆ ಆ ಹುಡುಗಿಯ ಮನೆಯವರು ಬೆಂಗಳೂರಿಗೆ ಹೊರಟರು. ಮುತ್ಯಾನ ಹತ್ತಿರ ಬಿಟ್ಟು ಹೋಗಿ ಎಂದು ಕೇಳಲು ಹೋದೆ. “ಮುತ್ಯಾಗ ಕಣ್ಣು ಕಾಣಲ್ರಿ ಟೀಚರ್, ಯಾರು ನೋಡ್ತಾರ?” ಎಂದರು ಅವಳ ಅವ್ವ. ನನ್ನಲ್ಲಿ ಉತ್ತರ ಇರಲಿಲ್ಲ. ಅಷ್ಟೊತ್ತಿಗೆ ಅವಳು ಜ, ವ, ಮ, ಬ, ನ ಕೂಡ ಕಲಿತಿದ್ದಳು. ಅವಳು ಮಾಡಿದ ಹತ್ತು ಕಾರ್ಡುಗಳನ್ನೂ ಐದು ಹುಣಸೆ ಬೀಜಗಳನ್ನೂ ಕೊಟ್ಟೆ. ಅವಳ ಅವ್ವ ಕೌದಿಗೆ ತೆಗೆದಿಟ್ಟ ಹಳೆ ಸೀರೆಯ ತುಂಡಿನಿಂದ ಅದಕ್ಕೊಂದು ಸಣ್ಣ ಚೀಲ ಹೊಲಿದರು. ಥರ್ಮಾಕೋಲ್ ಮನೆಯಾಗಿದ್ದರೆ ಅದು ಗೋಡೆಯಲ್ಲೇ ಉಳಿಯುತ್ತಿತ್ತು.

ಮಾರ್ಚ್‌ನಲ್ಲಿ ಒಂದು ಸಂಜೆ ಫೋನ್ ಬಂತು. “ಟೀಚರ್, ಇಲ್ಲಿ ಬಸ್ಸಿನ ಮ್ಯಾಲ ‘ನಗರ’ ಅಂತ ಬರ್ದಾರ್ರಿ. ಮುಂದಿಂದು ಬರ್ವಲ್ದು, ‘ನಗರ’ ಮಾತ್ರ ಓದೀನಿ.” ಬೆಂಗಳೂರಿನಲ್ಲಿ ಎಷ್ಟು ನಗರಗಳಿವೆಯೋ! ಮೂರೂ ಅವಳ ಚೀಲದಲ್ಲಿದ್ದ ಅಕ್ಷರಗಳೇ.

ಆ ತಿಂಗಳ ಕೊನೆಗೆ ನನ್ನ ಅವಧಿಯೂ ಮುಗಿಯಿತು. ಕೊನೆಯ ದಿನ ಮಕ್ಕಳು ಜೋಳದ ದಂಟಿನ ಬೆಂಡಿಗೆ ಸಿಬಿರು ಚುಚ್ಚಿ ನನಗೊಂದು ಕನ್ನಡಕ ಮಾಡಿ ತಂದರು. ಹಾಕಿಕೊಂಡು ಹಾಜರಿ ಕರೆದೆ, ಎಲ್ಲರೂ ನಕ್ಕರು.

ಡಿ.ಇಡಿ, ಬಿ.ಇಡಿ ಓದುತ್ತಿರುವ ಗೆಳೆಯ ಗೆಳತಿಯರೇ, ಈ ಸಲ ಉಪಕರಣ ಮಾಡುವಾಗ ಒಂದೇ ಪರೀಕ್ಷೆ ಇಟ್ಟುಕೊಳ್ಳಿ: ಆರು ವರ್ಷದ ಮಗು ಅದನ್ನು ಕೈಯಲ್ಲಿ ಹಿಡಿದು, ಬೀಳಿಸಿ, ಮತ್ತೆ ತಾನೇ ಮಾಡಬಲ್ಲುದೇ? ಅಂಕ ಸ್ವಲ್ಪ ಕಡಿಮೆ ಬಂದರೂ ಬರಲಿ.

ಈಗ ಮತ್ತೆ ಶಾಲೆ ಶುರುವಾಗುತ್ತಿದೆ. ನನ್ನನ್ನು ಅದೇ ಶಾಲೆಗೆ ಕರೆಯುತ್ತಾರೋ, ಆ ಹುಡುಗಿ ಮಳೆ ಹೊತ್ತಿಗೆ ಊರಿಗೆ ಬರುತ್ತಾಳೋ, ಎರಡೂ ನಮ್ಮ ಕೈಯಲ್ಲಿಲ್ಲ. ಕಾರ್ಡು ಮತ್ತು ಕಡ್ಡಿ ಕಟ್ಟುಗಳನ್ನು ಶಾಲೆಯ ಪೆಟ್ಟಿಗೆಯಲ್ಲಿಟ್ಟು ಬಂದಿದ್ದೇನೆ. ಇಲಿ ಅವನ್ನೂ ತಿಂದರೆ ಹೊಸದು ಮಾಡುವುದು ಹೇಗೆಂದು ಮಕ್ಕಳಿಗೆ ಗೊತ್ತಿದೆ.