ರಕ್ತದ ಕ್ಯಾನ್ಸರಿಗೆ ದಿನಕ್ಕೊಂದು ಗುಳಿಗೆ



ರಕ್ತದ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಸೊಲ್ಲಾಪುರ, ಅಕ್ಕಲಕೋಟ ಕಡೆಯ ಮನೆಗಳಲ್ಲಿ ದೀಪ ಆರಿದಂತಾಗುತ್ತದೆ. ಕೆಲವರು ಹೊಲ ಮಾರಲು ಹೊರಡುತ್ತಾರೆ. ಇನ್ನು ಕೆಲವರು ಔಷಧೋಪಚಾರವೇ ಬೇಡವೆಂದು ಕೈ ಚೆಲ್ಲಿ ಕೂರುತ್ತಾರೆ. ಆದರೆ ರಕ್ತದ ಕ್ಯಾನ್ಸರ್ ಒಂದೇ ರೋಗವಲ್ಲ, ಅದರಲ್ಲಿ ಹಲವು ಬಗೆಗಳಿವೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಚಿಕ್ಕದಾಗಿ ಸಿ.ಎಂ.ಎಲ್. ಎಂಬ ಬಗೆಯನ್ನು ದಿನವೂ ನುಂಗುವ ಗುಳಿಗೆಯಿಂದಲೇ ಹತೋಟಿಯಲ್ಲಿಡಬಹುದು. ಈ ಗುಳಿಗೆಯಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹತ್ತು ವರ್ಷಗಳ ಬಳಿಕವೂ ಬದುಕಿದ್ದರೆಂದು ದೊಡ್ಡದೊಂದು ಅಂತರರಾಷ್ಟ್ರೀಯ ಅಧ್ಯಯನ 2017ರಲ್ಲಿ ತಿಳಿಸಿತು.

ಗುಳಿಗೆ ಮಾಡುವ ಕೆಲಸವನ್ನು ರೈತರಿಗೆ ಗೊತ್ತಿರುವ ಮಾತಿನಿಂದಲೇ ತಿಳಿಯೋಣ. ಫಾಸ್ಫೇಟ್ ಎಂದೊಡನೆ ನಿಮಗೆ ಡಿ.ಎ.ಪಿ. ಚೀಲ ನೆನಪಾಗುತ್ತದೆ. ಅದೇ ಫಾಸ್ಫೇಟ್ ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಇದೆ. ಬೆಳೆಗೆ ಖನಿಜ ಗೊಬ್ಬರ ಬೇಕೆಂದು 1840ರಲ್ಲಿ ಸಾರಿದ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್, 1846ರಲ್ಲಿ ಹಾಲಿನ ಪ್ರೋಟೀನಿನಿಂದ ಟೈರೋಸಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿದನು. ಗೊಬ್ಬರದ ಪಂಡಿತನಿಗೆ ಕ್ಯಾನ್ಸರಿನ ಮದ್ದಿನ ಕನಸೂ ಇದ್ದಿರಲಾರದು!

ಟೈರೋಸಿನ್ ಕೈನೇಸ್ ಎಂಬ ಕಿಣ್ವಗಳು ಜೀವಕೋಶದ ಶಕ್ತಿಯ ಭಂಡಾರವಾದ ಎ.ಟಿ.ಪಿ.ಯಿಂದ ಒಂದು ಫಾಸ್ಫೇಟನ್ನು ತೆಗೆದು, ಬೇರೊಂದು ಪ್ರೋಟೀನಿನ ಟೈರೋಸಿನ್ ಮೇಲೆ ಕೂರಿಸುತ್ತವೆ. ಇದು ಬೋರ್‌ವೆಲ್ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಂತೆ. ‘ಬೆಳೆ, ಎರಡಾಗು’ ಎಂಬ ಸಂದೇಶ ಮುಂದೆ ಹೋಗುತ್ತದೆ. ಕೆಲಸ ಮುಗಿದಾಗ ಬೇರೆ ಕಿಣ್ವಗಳು ಆ ಫಾಸ್ಫೇಟನ್ನು ಕಳಚುತ್ತವೆ, ಅದು ಕೆಂಪು ಗುಂಡಿ. ಮನುಷ್ಯನಲ್ಲಿ ಇಂಥ ಕೈನೇಸ್‌ಗಳು ಸುಮಾರು 90 ಇವೆ. ಅವುಗಳಲ್ಲೊಂದು ಎಬಿಎಲ್. ಜೀವಕೋಶದ ಆಕಾರ, ಚಲನೆ, ವಂಶದ್ರವ್ಯಕ್ಕೆ ಪೆಟ್ಟಾದಾಗಿನ ಎಚ್ಚರಿಕೆ, ಇವೆಲ್ಲದರಲ್ಲೂ ಅದಕ್ಕೆ ಪಾಲುಂಟು. ಕೆಲಸವಿಲ್ಲದಾಗ ತನ್ನನ್ನು ತಾನೇ ಮಡಚಿಕೊಂಡು ಸುಮ್ಮನಿರುವುದು ಅದರ ಗುಣ.

ಸಿ.ಎಂ.ಎಲ್. ರೋಗದಲ್ಲಿ ಎಲುಬಿನ ಮಜ್ಜೆಯ ಒಂದೇ ಒಂದು ತಾಯಿಕೋಶದಲ್ಲಿ 9ನೆಯ ಮತ್ತು 22ನೆಯ ವರ್ಣತಂತುಗಳು ತುಂಡಾಗಿ, ತುದಿಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹೀಗೆ ಗಿಡ್ಡಾದ ವರ್ಣತಂತುವನ್ನು ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ 1960ರಲ್ಲಿ ಗುರುತಿಸಿದರು. ಅದು ಅದಲುಬದಲಿನ ಫಲವೆಂದು 1973ರಲ್ಲಿ ತೋರಿಸಿಕೊಟ್ಟವರು ಜಾನೆಟ್ ರೌಲಿ. ಎಬಿಎಲ್ ಈಗ ಬಿಸಿಆರ್ ಎಂಬ ಇನ್ನೊಂದಕ್ಕೆ ಅಂಟಿಕೊಂಡು, ಮಡಚಿಕೊಳ್ಳುವ ಗುಣವನ್ನೇ ಕಳೆದುಕೊಳ್ಳುತ್ತದೆ. ಹಸಿರು ಗುಂಡಿ ಒಳಗೇ ಸಿಕ್ಕಿಕೊಂಡಂತಾಯಿತು. ಬಿಳಿ ರಕ್ತಕಣಗಳು ಲೆಕ್ಕವಿಲ್ಲದೆ ಹುಟ್ಟತೊಡಗುತ್ತವೆ. ಇದು ಅಂಟುರೋಗವಲ್ಲ, ತಂದೆತಾಯಿಗಳಿಂದ ಬರುವುದೂ ಅಲ್ಲ. ಆದ್ದರಿಂದ ರೋಗಿಯ ಮನೆಯಿಂದ ಹೆಣ್ಣು ತರಲು ಹಿಂಜರಿಯುವವರು ಇದನ್ನು ಗಮನಿಸಬೇಕು.

ಇಮ್ಯಾಟಿನಿಬ್ ಎಂಬ ಔಷಧಿ ಎ.ಟಿ.ಪಿ. ಕೂರುವ ಸಂದಿನಲ್ಲೇ ಹೋಗಿ ಕೂರುತ್ತದೆ. ಫಾಸ್ಫೇಟ್ ಸಿಗದೆ ಆ ಕಿಣ್ವ ನಿಂತುಹೋಗುತ್ತದೆ. ಅಮೆರಿಕದ ವೈದ್ಯ ಬ್ರಯಾನ್ ಡ್ರುಕರ್ 1998ರಲ್ಲಿ ಇದನ್ನು ರೋಗಿಗಳಿಗೆ ಕೊಟ್ಟು ನೋಡತೊಡಗಿದರು. 2001ರಲ್ಲಿ ಅಲ್ಲಿನ ಸರಕಾರ ಒಪ್ಪಿಗೆ ಕೊಟ್ಟಿತು.

ಮದ್ದೇನೋ ಸಿಕ್ಕಿತು, ಆದರೆ ಬೆಲೆ? ನೋವಾರ್ಟಿಸ್ ಕಂಪನಿಯ ಗುಳಿಗೆಗೆ ಆಗ ತಿಂಗಳಿಗೆ ಸುಮಾರು 1,20,000 ರೂಪಾಯಿ ಇತ್ತು. ನಮ್ಮ ದೇಶದ ಕಂಪನಿಗಳು ಅದೇ ಔಷಧಿಯನ್ನು ಹತ್ತು ಸಾವಿರದೊಳಗೆ ಕೊಡುತ್ತಿದ್ದವು. 2003ರಲ್ಲಿ ನೋವಾರ್ಟಿಸ್‌ಗೆ ಮಾರಾಟದ ಏಕಸ್ವಾಮ್ಯ ಸಿಕ್ಕಿ, ಅಗ್ಗದ ಗುಳಿಗೆಗೆ ಕುತ್ತು ಬಂದಿತು. ಕ್ಯಾನ್ಸರ್ ರೋಗಿಗಳ ಸಂಘವೊಂದು ಆಕ್ಷೇಪ ಸಲ್ಲಿಸಿತು. 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ಹಳೆಯ ಪದಾರ್ಥದ ಹೊಸ ರೂಪಕ್ಕೆ, ಗುಣ ಹೆಚ್ಚದ ಹೊರತು, ಪೇಟೆಂಟ್ ಇಲ್ಲವೆಂಬುದು ನಮ್ಮ ಕಾಯಿದೆಯ 3(ಡಿ) ವಿಧಿ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ನ್ಯಾಯವಾಗಿ ಹೇಳಬೇಕೆಂದರೆ, ಆ ಕಂಪನಿ ಸಾವಿರಾರು ಬಡ ರೋಗಿಗಳಿಗೆ ಗುಳಿಗೆಯನ್ನು ಪುಕ್ಕಟೆಯಾಗಿಯೂ ಕೊಟ್ಟಿದೆ. ಆದರೆ ದಾನ ಬೇರೆ, ಹಕ್ಕು ಬೇರೆ. ಇಂದು ಇಮ್ಯಾಟಿನಿಬ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ.

ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ಮುದುಕರ ರೋಗ. ನಮ್ಮಲ್ಲಿ ಮೂವತ್ತು, ನಲವತ್ತರ ಆಸುಪಾಸಿನವರೇ ಹೆಚ್ಚು, ಅಂದರೆ ಮಗ್ಗದ ಮುಂದೆ ನಿಲ್ಲುವವರು, ಜೋಳದ ರಾಶಿ ಮಾಡುವವರು. ವಿನಾಕಾರಣ ದಣಿವು, ರಾತ್ರಿ ಬೆವರು, ತೂಕ ಇಳಿಯುವುದು, ಎಡಪಕ್ಕೆಯ ಕೆಳಗೆ ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಇವು ಲಕ್ಷಣಗಳು. ಗುಲ್ಮ ಊದಿಕೊಂಡು ಹೀಗಾಗುತ್ತದೆ. ಜನ ಇದನ್ನು ಪಿತ್ತವೆಂದು ತಿಳಿದು ತಿಂಗಳುಗಟ್ಟಲೆ ಸೋಡಾ ಕುಡಿಯುತ್ತಾರೆ. ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಸುಳಿವು ಸಿಗುತ್ತದೆ: ಬಿಳಿಕಣಗಳು ಹನ್ನೊಂದು ಸಾವಿರದೊಳಗಿರಬೇಕಾದಲ್ಲಿ ಲಕ್ಷ ದಾಟಿರುವುದುಂಟು. ಅಂಥವರು ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ, ಇಲ್ಲವೇ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ತೋರಿಸಬೇಕು. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾದದ್ದು ಅದೇ ಬಾರ್ಶಿಯಲ್ಲಿ.

ಈಗ ಮುಖ್ಯ ಮಾತು. ಗುಳಿಗೆ ಶುರುವಾಗಿ ಕೆಲವು ವಾರಗಳಲ್ಲಿ ರಕ್ತ ಸರಿಹೋಗುತ್ತದೆ, ಊಟ ಸೇರುತ್ತದೆ, ಮೈಗೆ ಬಲ ಬರುತ್ತದೆ. ಆಗಲೇ ಅಪಾಯ. ‘ಗುಣವಾಯಿತಲ್ಲ, ಇನ್ನೇಕೆ?’ ಎಂದು ಬಿಟ್ಟುಬಿಡುತ್ತಾರೆ. ಸಂದು ಖಾಲಿಯಾದೊಡನೆ ಎ.ಟಿ.ಪಿ. ಮತ್ತೆ ಬಂದು ಕೂರುತ್ತದೆ. ಆಗಾಗ ತಪ್ಪಿಸಿ ನುಂಗುವವರಲ್ಲಿ ಗುಳಿಗೆಯ ಫಲ ಕಡಿಮೆ. ಮುಂದೆ ಕಿಣ್ವದ ರೂಪವೇ ಬದಲಾಗಿ ಗುಳಿಗೆ ನಾಟದೆಯೂ ಹೋಗಬಹುದು. ಆಗ ಡಾಸಾಟಿನಿಬ್‌ನಂಥ ಬೇರೆ ಔಷಧಿಗಳಿವೆ. ಹಲವು ವರ್ಷ ಸೂಕ್ಷ್ಮ ಪರೀಕ್ಷೆಯಲ್ಲೂ ರೋಗದ ಗುರುತು ಕಾಣದ ಕೆಲವರಿಗೆ ವೈದ್ಯರೇ ಗುಳಿಗೆ ನಿಲ್ಲಿಸಿ ನೋಡುವುದುಂಟು, ಅವರಲ್ಲೂ ಅರ್ಧದಷ್ಟು ಮಂದಿಗೆ ರೋಗ ಮರುಕಳಿಸುತ್ತದೆ. ಆ ತೀರ್ಮಾನ ನಮ್ಮದಲ್ಲ.

ಗುಳಿಗೆಯನ್ನು ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು. ತಪಸ್ಸುಕಾಲದ ಉಪವಾಸವಿದೆಯೆಂದು ಯಾರೂ ಬಿಡಬಾರದು, ರೋಗಿಗಳಿಗೆ ಆ ಕಟ್ಟಳೆ ಇಲ್ಲ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುವ ನೆರೆಮನೆಯವರಿಗೂ ಗುಳಿಗೆಯ ಪೊಟ್ಟಣ ಜೊತೆಗಿರಲೆಂದು ಹೇಳಿರಿ. ಕಣ್ಣಿನ ಸುತ್ತ ಬಾವು, ಕಾಲಿನ ಸೆಳೆತ, ವಾಕರಿಕೆ ಬರಬಹುದು. ಹೀಗಾದರೆ ವೈದ್ಯರಿಗೆ ತಿಳಿಸಬೇಕೇ ಹೊರತು ತಾವೇ ನಿಲ್ಲಿಸಬಾರದು. ಗರ್ಭ ಧರಿಸುವ ಯೋಚನೆಯಿರುವ ಹೆಣ್ಣುಮಕ್ಕಳು ಮೊದಲೇ ಹೇಳಬೇಕು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಈ ಗುಳಿಗೆಯ ಬಲವನ್ನು ಕುಗ್ಗಿಸುತ್ತದೆ. ಆದ್ದರಿಂದ ಯಾವ ದವಾಖಾನೆಗೆ ಹೋದರೂ, ಯಾವ ಕಾಯಿಲೆಗೆ ಹೋದರೂ, ನುಂಗುತ್ತಿರುವ ಗುಳಿಗೆಯ ಚೀಟಿಯನ್ನು ವೈದ್ಯರ ಮೇಜಿನ ಮೇಲೆ ಇಡಿರಿ.